ಮೂಲೆಗಳಿದ್ದ ಗುಳ್ಳೆ

ಟಕ್.

ಶುಕ್ರವಾರ ರಾತ್ರಿ ಹನ್ನೊಂದೂ ಕಾಲು. ರೆಹಾನಾ ಕಣ್ಣು ಬಿಟ್ಟಳು. ಸಣ್ಣ ಸದ್ದು. ಪೊಳ್ಳಾದ ಯಾವುದರ ಮೇಲೋ ಕಬ್ಬಿಣ ಇಟ್ಟ ಹಾಗೆ. ಹಿತ್ತಲಿನಾಚೆಯ ಶೆಡ್ಡಿನಿಂದ ಬಂದಂತಿತ್ತು. ಅವಳು ಉಸಿರು ಹಿಡಿದು ಕಾದಳು. ಐದಾರು ನಿಮಿಷ ಏನೂ ಇಲ್ಲ. ಆಮೇಲೆ ಇನ್ನೊಂದು ಸಲ. ಈ ಸಲ ಮಂದವಾಗಿ, ಮೆತ್ತಗಿನ ಯಾವುದರ ಮೇಲೋ ಇಟ್ಟಂತೆ.

ಬೆಕ್ಕಿರಬೇಕು ಅಂದುಕೊಂಡಳು. ನಂಬಿಕೆ ಬರಲಿಲ್ಲ. ಎದ್ದು ಹೋಗಿ ನೋಡುವ ಧೈರ್ಯವೂ ಬರಲಿಲ್ಲ.

ಬೆಳಿಗ್ಗೆ ಏಳಕ್ಕೆ ಶೆಡ್ಡಿನ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಎರಡು ನೀರಿನ ಟ್ಯಾಂಕು, ಗೋಡೆಗೆ ಒರಗಿಸಿದ ಅಚ್ಚುಗಳು, ನಡುವೆ ಮರದ ಸ್ಟ್ಯಾಂಡಿನ ಮೇಲೆ ಹನ್ನೆರಡು ಅಡಿಯ ಫೈಬರ್ ದೋಣಿ. ರೆಹಾನಾ ದೋಣಿಯ ಹಿಂಭಾಗಕ್ಕೆ ಬಗ್ಗಿ ನೋಡಿದಳು. ಬಗ್ಗಿದವಳು ಹಾಗೇ ನಿಂತಳು.

ಹಿಂದಿನ ಸಂಜೆ ಅವಳೇ ಒಳತಳಕ್ಕೆ ಅಂಟಿಸಿದ್ದ ಟ್ರಾನ್ಸ್‌ಡ್ಯೂಸರ್ ಅಲ್ಲೇ ಇತ್ತು. ಬೂಟ್ ಪಾಲಿಶ್ ಡಬ್ಬಿಯಷ್ಟು ದೊಡ್ಡ ಕರಿಯ ಬಿಲ್ಲೆ. ಅಂಟು ಕೂರಲಿ ಎಂದು ಅದರ ಮೇಲೆ ಹೇರಿದ್ದ ಒಂದು ಕಿಲೋ ತೂಕದ ಬಟ್ಟೂ ಇತ್ತು. ಆದರೆ ಬಿಲ್ಲೆಯ ವೈರು ನೇರ ಹಿಂದಕ್ಕೆ ಇರಬೇಕಿತ್ತು. ಈಗ ಎರಡು ಬೆರಳಷ್ಟು ಎಡಕ್ಕೆ ತಿರುಗಿತ್ತು. ಬಟ್ಟಿನ ಮೇಲಿನ ಅಂಕಿ ತಲೆಕೆಳಗಾಗಿತ್ತು.

"ಮಾಮು, ಇದನ್ನ ಯಾರೋ ಮುಟ್ಟಿದಾರೆ."

ಖುದ್ದೂಸ್ ಬಂದು ನೋಡಿದರು. ರೆಹಾನಾಳ ಸೋದರಮಾವ. ಶೆಡ್ಡು ಅವರದು. "ಯಾರು ಮುಟ್ತಾರೆ? ಬಾಗಿಲಲ್ಲಿ ವಾಚ್‌ಮನ್ ಚನ್ನಪ್ಪ ಮಲಗಿದ್ದ. ಬೀಗ ನೀನೇ ಮೂರು ಸಲ ಜಗ್ಗಿ ನೋಡಿದೆ. ನಾಲ್ಕನೇ ಸಲ ನಾನು ಕೈ ಹಿಡಿದು ಮನೆಗೆ ಕರ್ಕೊಂಡು ಬಂದೆ."

"ವೈರು ತಿರುಗಿದೆ."

"ನೀನೇ ಹಂಗೆ ಇಟ್ಟಿರ್ತೀಯ."

ರೆಹಾನಾ ಬಿಲ್ಲೆಯನ್ನು ಬೆರಳಲ್ಲಿ ಒತ್ತಿದಳು. ಕಲ್ಲಾಗಿತ್ತು. ಕಿತ್ತು ಮತ್ತೆ ಅಂಟಿಸಿದರೆ ಇನ್ನೊಂದು ದಿನ ಬೇಕು. ದೋಣಿ ಪರೀಕ್ಷಿಸಲು ಇಂಜಿನಿಯರ್ ಬರುವುದು ಅಂದೇ ನಾಲ್ಕಕ್ಕೆ.

ಹಿಂದಿನ ಕೋಣೆಯಿಂದ ಲಾಲ್ ಸಾಬ್ ಮಫ್ಲರ್ ಸುತ್ತಿಕೊಳ್ಳುತ್ತಾ ಬಂದರು. ಶೆಡ್ಡಿನ ಹಳೆಯ ಅಚ್ಚಿನ ಮೇಸ್ತ್ರಿ. ಆ ಕೋಣೆಯೇ ಅವರ ಮನೆ. "ಚಹಾ ಆಯ್ತಾ?" ಅಂದರು.

"ಬಿಡು" ಅಂದರು ಖುದ್ದೂಸ್, ಸೊಸೆಗೆ. ರೆಹಾನಾ ಬಿಟ್ಟಳು.

*

೧೯೮೪ರ ಡಿಸೆಂಬರ್ ಅದು. ಅಮೃತಹಳ್ಳಿಯ ಆ ಶೆಡ್ಡಿನಲ್ಲಿ ಅದುವರೆಗೆ ನೀರಿನ ಟ್ಯಾಂಕು ಮತ್ತು ಬಸ್ಸಿನ ಸೀಟು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಕೆರೆಗಳ ಆಳ ಅಳೆಯುವ ಸರ್ವೆಗೆ ದೋಣಿ ಬೇಕು ಎಂಬ ಟೆಂಡರನ್ನು ಪೇಪರಿನಲ್ಲಿ ನೋಡಿದ್ದು ರೆಹಾನಾ. ಬಿ.ಎಸ್ಸಿ. ಮುಗಿಸಿ, ಮಾವನ ಕಾಗದ ಪತ್ರ ನೋಡಿಕೊಂಡು ಎರಡು ವರ್ಷವಾಗಿತ್ತು. ಅರ್ಜಿ ಬರೆದಳು. ದೋಣಿಯ ನಕ್ಷೆ ಬರೆದಳು. ಒಂದು ದೋಣಿ ಪಾಸಾದರೆ ಇನ್ನೂ ಆರು ಮಾಡಿಸುತ್ತೇವೆ ಎಂದರು ಇಲಾಖೆಯವರು. ಜೂನಿಯರ್ ಇಂಜಿನಿಯರ್ ವೆಂಕಟರಾಮಯ್ಯ ತಮ್ಮ ಸಹಿಯ ಮೇಲೆ ಯಂತ್ರ ತಂದುಕೊಟ್ಟರು. ಜಪಾನಿನ ಫಿಶ್ ಫೈಂಡರ್. ಅದರ ಬಿಲ್ಲೆ ಟಿಕ್ ಟಿಕ್ ಎಂದು ನೀರಿನೊಳಕ್ಕೆ ಸದ್ದು ಕಳಿಸುತ್ತದೆ. ಸದ್ದು ಕೆರೆಯ ತಳಕ್ಕೆ ತಾಗಿ, ಮೀನಿದ್ದರೆ ಮೀನಿಗೂ ತಾಗಿ, ವಾಪಸು ಬರುತ್ತದೆ. ಮೇಲಿನ ಪೆಟ್ಟಿಗೆಯಲ್ಲಿ ಸೂಜಿಯೊಂದು ಕಾಗದದ ಸುರುಳಿಯ ಮೇಲೆ ತಳದ ಗೆರೆ ಎಳೆಯುತ್ತದೆ.

"ತಳಕ್ಕೆ ತೂತು ಹೊಡೆದು ಕೂರಿಸಿ" ಎಂದಿದ್ದರು ವೆಂಕಟರಾಮಯ್ಯ.

"ಹೊಸಾ ದೋಣಿಗೆ ತೂತಾ ಸಾರ್?" ಖುದ್ದೂಸ್ ಕೇಳಿದ್ದರು. "ಹಂಗಿದ್ರೆ ದೋಣಿ ಯಾಕೆ, ಒಂದು ಜರಡಿ ಮಾಡ್ಕೊಡ್ತೀನಿ."

ಹೊರಗಡೆ ಕಟ್ಟಿದರೆ ಕೆರೆಯ ಜೊಂಡು ಕಿತ್ತುಕೊಂಡು ಹೋಗುತ್ತದೆ. ಯಂತ್ರದ ಜೊತೆ ಬಂದ ಪುಸ್ತಕವನ್ನು ರೆಹಾನಾ ಮೂರು ರಾತ್ರಿ ಓದಿ ಇನ್ನೊಂದು ದಾರಿ ಕಂಡುಕೊಂಡಳು. ಬಿಲ್ಲೆಯನ್ನು ದೋಣಿಯ ಒಳಗಡೆಯೇ ತಳಕ್ಕೆ ಅಂಟಿಸಬಹುದು. ಗಟ್ಟಿ ಫೈಬರ್ ಸದ್ದನ್ನು ತಡೆಯುವುದಿಲ್ಲ. ಮರ ತಡೆಯುತ್ತದೆ. ಗಾಳಿಯಂತೂ ಪೂರ್ತಿ ತಡೆಯುತ್ತದೆ.

ಅಚ್ಚಿನಲ್ಲಿ ಗಾಜಿನ ನಾರಿನ ಮ್ಯಾಟು ಹಾಸಿ, ರೆಸಿನ್ ದ್ರವ ಬಳಿದು ದೋಣಿ ಎರಕ ಹೊಯ್ಯುವ ಮುಂಚೆ ಅವಳು ಲಾಲ್ ಸಾಬರಿಗೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದು ತೋರಿಸಿದ್ದಳು. "ಚಾಚಾ, ಈ ಜಾಗದ ಫೈಬರ್‌ನಲ್ಲಿ ಮ್ಯಾಟು, ರೆಸಿನ್ ಬಿಟ್ಟು ಬೇರೆ ಏನೂ ಇರಬಾರದು."

"ಸರಿ ಬೇಟಿ." ಲಾಲ್ ಸಾಬ್ ಒಮ್ಮೆ ಸರಿ ಎಂದರೆ ಸರಿ. ನಲವತ್ತು ವರ್ಷದ ಕೈ. ಅವರದೇ ಕೆಲವು ರೀತಿಗಳೂ ಇದ್ದವು. ನಾಲ್ಕಾಣೆ ಬಿಲ್ಲೆಯಿಂದ ಟ್ಯಾಂಕಿನ ಮೈಯೆಲ್ಲ ಬಡಿದು, ಸದ್ದಿನಲ್ಲೇ ಒಳಗೆ ಉಳಿದ ಗಾಳಿಯ ಗುಳ್ಳೆ ಪತ್ತೆ ಹಿಡಿಯುತ್ತಿದ್ದರು. ಹೊಸ ಅಚ್ಚಿನ ಮೊದಲ ಮಾಲಿನೊಳಗೆ, ಅದನ್ನು ಮಾಡಿದವರ ಹೆಸರಿನ ಚೀಟಿ ಸೇರಿಸುತ್ತಿದ್ದರು. ಖುದ್ದೂಸರ ಮನೆಯ ಮೇಲಿನ ಟ್ಯಾಂಕಿನಲ್ಲೂ ಒಂದಿತ್ತು.

ಶುಕ್ರವಾರ ಮಧ್ಯಾಹ್ನ ದೋಣಿಯನ್ನು ಕೆರೆಗೆ ಇಳಿಸಿ, ಒಳಗೆ ಒಂದು ಚೊಂಬು ನೀರು ಸುರಿದು, ಅದರಲ್ಲಿ ಬಿಲ್ಲೆ ಇಟ್ಟು ನೋಡಿದ್ದರು. ಒಂಬತ್ತು ಅಡಿಯಲ್ಲಿ ತಳದ ಕಪ್ಪು ಗೆರೆ ಸ್ಪಷ್ಟವಾಗಿ ಮೂಡಿತು. ಆ ಕಾಗದವನ್ನು ರೆಹಾನಾ ಹರಿದು ಮಡಚಿ ಇಟ್ಟುಕೊಂಡಿದ್ದಳು. ಸಂಜೆ ಆರಕ್ಕೆ ಎರಡು ಟ್ಯೂಬಿನ ಅಂಟು ಕಲೆಸಿ ಅದೇ ಜಾಗಕ್ಕೆ ಬಿಲ್ಲೆ ಕೂರಿಸಿದಳು. ಚಳಿಗೆ ಅಂಟು ಬೇಗ ಗಟ್ಟಿಯಾಗುವುದಿಲ್ಲ, ಬೆಳಗಿನವರೆಗೆ ಯಾರೂ ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳಿದ್ದಳು.

*

ಶನಿವಾರ ನಾಲ್ಕೂವರೆ. ಕೆರೆಯ ನಡುವೆ ದೋಣಿ ನಿಂತಿತು. ವೆಂಕಟರಾಮಯ್ಯ ಸ್ವಿಚ್ ಒತ್ತಿದರು. ಸೂಜಿ ಓಡಿತು. ಕಾಗದದ ಮೇಲಂಚಿಗೆ ದಪ್ಪ ಕಪ್ಪು ಪಟ್ಟಿ ಬಿತ್ತು. ಅದರ ಕೆಳಗೆ ಬರೀ ಬಿಳಿ.

"ತಳ ಎಲ್ರೀ?"

ರೆಹಾನಾ ಬಗ್ಗಿ ಬಿಲ್ಲೆಗೆ ಕಿವಿ ಕೊಟ್ಟಳು. ಟಿಕ್. ಟಿಕ್. ಟಿಕ್. ಜೀವ ಇತ್ತು. ಸದ್ದು ಹೊರಡುತ್ತಿತ್ತು. ನೀರಿಗೆ ಇಳಿಯುತ್ತಿರಲಿಲ್ಲ.

"ನಿನ್ನೆ ಬಂದಿತ್ತು ಸಾರ್." ಮಡಚಿದ ಕಾಗದ ಕೊಟ್ಟಳು.

"ನಿನ್ನೆದು ಇಟ್ಕೊಂಡು ಇವತ್ತು ಸರ್ವೆ ಮಾಡ್ಲಾ?"

ದಡದಲ್ಲಿ ಲಾಲ್ ಸಾಬ್ ಮಾತ್ರ ಸಮಾಧಾನವಾಗಿದ್ದರು. "ಆ ಪೆಟ್ಟಿಗೆ ಏನಾದ್ರೂ ಹೇಳ್ಲಿ. ದೋಣಿ ಒಂದು ತೊಟ್ಟು ನೀರು ಕುಡೀಲಿಲ್ಲ, ನೋಡಿ."

ಖುದ್ದೂಸ್ ಬೆಳಿಗ್ಗೆ 'ಬಿಡು' ಎಂದದ್ದನ್ನು ಮರೆತರು. "ರಾತ್ರಿ ಯಾರೋ ಒಳಗೆ ಬಂದಿದಾರೆ ಸಾರ್. ವೈರು ತಿರುಗಿತ್ತು. ನಮ್ ಹುಡುಗಿ ಬೆಳಿಗ್ಗೇನೇ ಹೇಳಿದ್ಲು."

ವೆಂಕಟರಾಮಯ್ಯ ಆಚೆ ದಡ ನೋಡಿದರು. ಅಲ್ಲಿ ಟ್ರ್ಯಾಕ್ಟರುಗಳು ಸುರಿದ ಕೆಂಪು ಮಣ್ಣಿನ ಗುಡ್ಡೆಗಳಿದ್ದವು. ಪಕ್ಕದ ಜಮೀನು ಪಿಳ್ಳಪ್ಪನದು, ಕೆರೆಯ ಅಂಚು ಒತ್ತಿ ಅಗಲವಾಗುತ್ತಿತ್ತು. "ಕೆರೆ ಅಳತೆ ಆಗ್ದೆ ಇದ್ರೆ ಯಾರಿಗೆ ಒಳ್ಳೇದು? ನಿಮ್ಮ ವಾಚ್‌ಮನ್ ಯಾರ ಕಡೆಯವನು?"

ಚನ್ನಪ್ಪ ಹಗಲು ಹೊತ್ತು ಪಿಳ್ಳಪ್ಪನ ತೋಟದಲ್ಲಿ ಕೆಲಸ ಮಾಡುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು. ಬೀಗದ ಇನ್ನೊಂದು ಕೈ ಅವನ ಹತ್ತಿರವೇ ಇರುತ್ತಿತ್ತು.

"ಯಾರೂ ಬರ್ಲಿಲ್ಲ ಬುದ್ಧಿ" ಎಂದ ಚನ್ನಪ್ಪ. "ನಾನು ಬಾಗ್ಲು ಬುಟ್ಟು ಅಲ್ಲಾಡ್ಲಿಲ್ಲ." ಯಾರ ಮುಖವನ್ನೂ ನೋಡಲಿಲ್ಲ.

"ಹಂಗಾದ್ರೆ ನೀನೇ ಮುಟ್ಟಿದ್ದೀಯ" ಅಂದರು ಖುದ್ದೂಸ್. ಬೀಗದ ಕೈ ಕಿತ್ತುಕೊಂಡರು.

"ಸೋಮವಾರ ನಾಲ್ಕಕ್ಕೆ ಬರ್ತೀನಿ" ಎಂದರು ವೆಂಕಟರಾಮಯ್ಯ. "ಯಂತ್ರ ನನ್ನ ಸಹಿ ಮೇಲಿದೆ. ಕೆಡಿಸಿದವನು ಯಾರು ಅಂತ ಹೇಳಿ, ಇಲ್ಲ ಏನಾಯ್ತು ಅಂತ ಹೇಳಿ. ಎರಡೂ ಇಲ್ಲ ಅಂದ್ರೆ ಇವನನ್ನ ಸ್ಟೇಷನ್‌ಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಕೇಳೋ ರೀತಿಯೇ ಬೇರೆ."

ರೆಹಾನಾಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕೆಡಿಸಿದ್ದು ಚನ್ನಪ್ಪನಾದರೆ ತಾನು ಉಳಿದೆ. ಅವನಲ್ಲದಿದ್ದರೆ ಅಂಟಿಸಿದವಳ ತಪ್ಪು. ಅವನೇ ಆಗಿರಲಿ ಎಂದು ತನ್ನ ಮನಸ್ಸು ಒಳಗೊಳಗೇ ಬಯಸುತ್ತಿರುವುದು ಅವಳಿಗೆ ಕಂಡಿತು. ಅದು ಕಂಡ ಮೇಲೆ ಸುಮ್ಮನೆ ಮಲಗಲಾಗಲಿಲ್ಲ.

*

ಭಾನುವಾರ ಬೆಳಿಗ್ಗೆ ಚನ್ನಪ್ಪನ ಮನೆ ಮುಂದೆ ಅವನ ಚಪ್ಪಲಿ ಬಿದ್ದಿತ್ತು. ಅಟ್ಟೆಯ ಅಂಚಿಗೆಲ್ಲ ಕೆಂಪು ಮಣ್ಣು ಮೆತ್ತಿ ಒಣಗಿತ್ತು.

"ಶೆಡ್ಡಿನ ಹತ್ರ ಕೆಮ್ಮಣ್ಣಿಲ್ಲ ಚನ್ನಪ್ಪ" ಎಂದಳು ರೆಹಾನಾ. "ಅಲ್ಲಿರೋದು ಬೂದು ಮಣ್ಣು, ಫೈಬರ್ ಧೂಳು. ಶುಕ್ರವಾರ ರಾತ್ರಿ ಎಲ್ಲಿದ್ರಿ?"

ಅವನು ಕುಕ್ಕುರುಗಾಲಲ್ಲಿ ಕೂತ. ಚಪ್ಪಲಿಯ ಮಣ್ಣನ್ನು ಉಗುರಿನಿಂದ ಕೆರೆದ.

"ಅತ್ತು ಗಂಟೆಗೆ ಓದೆ ಕಣಮ್ಮ. ಪಿಳ್ಳಪ್ಪ ಗೌಡ್ರ ಟ್ಯಾಕ್ಟ್ರು ಮಣ್ಣು ಉಯ್ಯೋಕೆ ಬ್ಯಾಟ್ರಿ ಇಡ್ಕೊಂಡು ದಾರಿ ತೋರ್ಸು ಅಂದ್ರು. ವಾಪಸ್ ಬಂದಾಗ ಎರಡಾಗಿತ್ತು."

"ಮಾಮುಗೆ ಯಾಕೆ ಹೇಳ್ಲಿಲ್ಲ?"

"ಏಳಿದ್ರೆ ಕಾವ್ಲು ಕೆಲ್ಸ ಓಯ್ತದೆ. ಇದೊಂದೇ ಅಲ್ವಾ ತಿಂಗ್ಳು ತಿಂಗ್ಳು ಕೈಗೆ ಬರೋದು."

"ಈಗ ಸ್ಟೇಷನ್‌ಗೆ ಹೋಗ್ಬೇಕಾಗತ್ತೆ."

"ಇಂಗಾಯ್ತದೆ ಅಂತ ಯಾರಿಗ್ ಗೊತ್ತಿತ್ತು."

ಪಿಳ್ಳಪ್ಪ ಜಗಲಿಯ ಮೇಲೆ ಹುರುಳಿ ಒಣಗಿಸುತ್ತಿದ್ದ. ರೆಹಾನಾ ಕೇಳಿದ್ದಕ್ಕೆ ನಕ್ಕುಬಿಟ್ಟ.

"ಓ, ನಮ್ ಚನ್ನನಾ? ಎರಡು ಗಂಟೆಗಂಟ ನನ್ ಜೊತೇಲೇ ಇದ್ದ. ಬ್ಯಾಟ್ರಿ ಇಡ್ಕೊಂಡು ತೂಕಡಿಸ್ತಿದ್ದ, ಎಲ್ಲಿ ಕೆರೆಗೆ ಬಿದ್ದಾನೋ ಅಂತ ನಂಗೇ ಬಯ."

"ಕೆರೆ ಅಳತೆ ಆದ್ರೆ ನಿಮಗೆ ತೊಂದ್ರೆ ಅಂತ ಇಂಜಿನಿಯರ್ ಹೇಳ್ತಿದ್ರು."

"ನಿಮ್ ಡಬ್ಬ ಒಂಬತ್ತಡಿ ನೀರ್ನಾಗೆ ಏನ್ ನೋಡ್ತದೋ ನಂಗ್ ಗೊತ್ತಿಲ್ಲ ತಾಯಿ. ನಾನು ಮಣ್ಣು ಉಯ್ದಿರೋದು ದಡದ ಮ್ಯಾಗೆ. ಯಲಹಂಕ ಬಸ್‌ನಾಗೆ ಕುಂತೋರ್ಗೆಲ್ಲ ಕಾಣ್ತದೆ. ಅದ್ನ ನೋಡಾಕೆ ಜಪಾನ್ ಯಂತ್ರ ಬೇಕಾ? ಇಂಜಿನಿಯರ್‌ಗೆ ಕಣ್ಣಿಲ್ವಾ?"

ಮಾತು ಒರಟು. ಆದರೆ ಲೆಕ್ಕ ಸರಿ. ಕದ್ದು ಮುಚ್ಚಿ ಮಾಡದವನಿಗೆ ಯಂತ್ರದ ಭಯವಿಲ್ಲ. ಹನ್ನೊಂದೂ ಕಾಲಿಗೆ ಚನ್ನಪ್ಪ ಕೆರೆಯ ಆಚೆ ದಡದಲ್ಲಿದ್ದ. ಆ ಎರಡು ಸದ್ದು ಅವನದಲ್ಲ.

*

ಶೆಡ್ಡಿಗೆ ಬಂದು ರೆಹಾನಾ ತೂಕದ ಬಟ್ಟನ್ನು ಕೈಗೆತ್ತಿಕೊಂಡಳು. ದೋಣಿಯ ಬರಿಯ ತಳದ ಮೇಲಿಟ್ಟಳು. ಟಕ್. ಪೊಳ್ಳು ಸದ್ದು. ಆಮೇಲೆ ಬಿಲ್ಲೆಯ ಮೇಲಿಟ್ಟಳು. ಮಂದವಾದ ಸದ್ದು.

ಇವೇ. ಇದೇ ಕ್ರಮದಲ್ಲಿ. ಯಾರೋ ಬಟ್ಟನ್ನು ಎತ್ತಿ ಪಕ್ಕಕ್ಕಿಟ್ಟರು. ಐದಾರು ನಿಮಿಷ ಏನೋ ಮಾಡಿದರು. ಮತ್ತೆ ಬಿಲ್ಲೆಯ ಮೇಲಿಟ್ಟರು.

ಅವಳು ಅಲ್ಲೇ ನಿಂತಳು. ಕೆಡಿಸಲು ಬಂದವನು ಬಟ್ಟನ್ನು ಮತ್ತೆ ಮೇಲಿಟ್ಟು ಹೋಗುವುದಿಲ್ಲ. ವೈರು ಕತ್ತರಿಸುತ್ತಾನೆ, ಬಿಲ್ಲೆ ಒಡೆಯುತ್ತಾನೆ. ಬಂದವರಿಗೆ ಬಿಲ್ಲೆ ಚೆನ್ನಾಗಿ ಅಂಟಬೇಕಿತ್ತು.

ನಾಲ್ಕಾಣೆ ಬಿಲ್ಲೆ ಹುಡುಕಿ ತೆಗೆದು, ದೋಣಿಯ ಕೆಳಗೆ ಅಂಗಾತ ಮಲಗಿದಳು. ಟ್ರಾನ್ಸ್‌ಡ್ಯೂಸರ್ ಇದ್ದ ಜಾಗವನ್ನು ಹೊರಗಿನಿಂದ ಬಡಿಯತೊಡಗಿದಳು. ಲಾಲ್ ಸಾಬರು ಟ್ಯಾಂಕು ಬಡಿಯುವ ಹಾಗೆಯೇ, ಬೆರಳಗಲ ಬೆರಳಗಲ ಬಿಟ್ಟು. ಟಣ್. ಟಣ್. ಟಣ್. ಡಬ್. ಡಬ್ ಎಂದಲ್ಲೆಲ್ಲ ಮೇಣದ ಬಳಪದಲ್ಲಿ ಚುಕ್ಕೆ ಇಟ್ಟಳು. ಹತ್ತು ನಿಮಿಷದಲ್ಲಿ ಚುಕ್ಕೆಗಳು ಸೇರಿ ಒಂದು ಆಕಾರವಾಯಿತು.

ಗುಳ್ಳೆ ದುಂಡಗಿರುತ್ತದೆ. ಇದಕ್ಕೆ ನಾಲ್ಕು ಮೂಲೆಗಳಿದ್ದವು. ಬಸ್ ಟಿಕೆಟ್ಟಿನಷ್ಟು.

ಅಂಟಿಸುವಾಗ ಅವಳ ಕೈಯಿಂದ ಉಳಿದ ಗಾಳಿ ಇದಲ್ಲ. ಅದು ಗೊತ್ತಾದಾಗ ಮನಸ್ಸು ಹಗುರಾಯಿತು. ಮರುಕ್ಷಣ ಇನ್ನೊಂದು ಗೊತ್ತಾಯಿತು. ಹಗುರಾದದ್ದು ನಿಲ್ಲಲಿಲ್ಲ.

ಮಾಮಿ ಮಲ್ಕಾ ತಲೆಗೆ ಎರೆದುಕೊಳ್ಳಲು ಕಾಯಿಸಿದ್ದ ನೀರನ್ನು ರೆಹಾನಾ ಬಕೆಟ್ಟಿಗೆ ಬಗ್ಗಿಸಿಕೊಂಡು ಬಂದಳು. "ದೋಣಿಗೆ ಅಭ್ಯಂಜನವಾ?" ಎಂದು ಮಾಮಿ ಹಿಂದಿನಿಂದ ಕೇಳಿದರು. ಬಿಲ್ಲೆಯ ಸುತ್ತ ಬಿಸಿ ಬಟ್ಟೆ ಸುತ್ತಿದಳು. ಬದಲಿಸಿದಳು. ಮತ್ತೆ ಸುತ್ತಿದಳು. ಅಂಟು ಮೆದುವಾದಾಗ ತೆಳು ಉಳಿಯಿಂದ ಮೀಟಿದಳು. ಬಿಲ್ಲೆ ಎದ್ದು ಬಂತು. ಅದರಡಿಯ ಅಂಟಿನಲ್ಲಿ ಹಾಲಿನ ಪ್ಯಾಕೆಟ್ಟಿನಿಂದ ಕತ್ತರಿಸಿದ ಒಂದು ಪುಟ್ಟ ಪ್ಲಾಸ್ಟಿಕ್ ಲಕೋಟೆ ಹೂತಿತ್ತು. ಅಂಚುಗಳನ್ನು ಬೆಂಕಿಗೆ ಹಿಡಿದು ಮುಚ್ಚಿದ್ದರು. ರೆಸಿನ್ ತಾಗಿದರೆ ಶಾಯಿ ಹರಡುತ್ತದೆ. ಅದಕ್ಕೇ ಲಾಲ್ ಸಾಬ್ ಚೀಟಿಯನ್ನು ಯಾವಾಗಲೂ ಹೀಗೆ ಮುಚ್ಚುತ್ತಿದ್ದರು. ಒಳಗೆ ಚೀಟಿಯ ಜೊತೆ ಒಂದಿಷ್ಟು ಗಾಳಿ.

ನೀರಿನ ಟ್ಯಾಂಕಿಗೆ ಅದರಿಂದ ಏನೂ ಆಗುವುದಿಲ್ಲ. ಈ ಬಿಲ್ಲೆಗೆ ಅದು ಮುಚ್ಚಿದ ಬಾಗಿಲು.

ಉಳಿದದ್ದು ತಾನಾಗಿ ಕೂಡಿಕೊಂಡಿತು. ಶುಕ್ರವಾರ ಸಂಜೆಗೆ ದೋಣಿಯ ಫೈಬರ್ ಪೂರ್ತಿ ಒಣಗಿತ್ತು. ಇಡೀ ದೋಣಿಯಲ್ಲಿ ಇನ್ನೂ ಹಸಿಯಾಗಿದ್ದದ್ದು ಒಂದೇ ಜಾಗ, ಬಿಲ್ಲೆಯ ಕೆಳಗಿನ ಅಂಟು. ರಾತ್ರಿ ಹನ್ನೊಂದಕ್ಕೆ, ಆ ಚಳಿಯಲ್ಲಿ, ಅದು ಇನ್ನೂ ಎದ್ದು ಬರುವಷ್ಟು ಮೆದುವಾಗಿತ್ತು. ಹೊರಬೀಗ ತೆಗೆಯದೆ ಒಳಗೆ ಬರಬಲ್ಲವರು ಹಿಂದಿನ ಕೋಣೆಯವರೊಬ್ಬರೇ. ಅವರನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ. ತನ್ನ ಕೈಯಾರೆ ಮಾಡಿದ ದೋಣಿಯನ್ನು ಯಾರಾದರೂ ಕೆಡಿಸುತ್ತಾರೆಯೇ?

ಬ್ಲೇಡಿನಿಂದ ಲಕೋಟೆ ಬಿಡಿಸಿದಳು. ಚೀಟಿಯಲ್ಲಿ ಉರ್ದು ಅಕ್ಷರ, ನಡುಗುವ ಕೈಯದು. ಲಾಲ್ ಸಾಬರ ಹೆಸರೇ ಇರುತ್ತದೆ ಎಂದುಕೊಂಡಿದ್ದಳು.

ಇದ್ದದ್ದು ರೆಹಾನಾ ಎಂದು.

*

"ತೆಗೆದುಬಿಟ್ಟೆಯಾ?"

ಲಾಲ್ ಸಾಬ್ ಒಳಬಾಗಿಲಲ್ಲಿ ನಿಂತಿದ್ದರು. ಅವರ ದನಿಯಲ್ಲಿ ಭಯವಿರಲಿಲ್ಲ. ಸ್ವಲ್ಪ ಬೇಸರವಿತ್ತು.

"ನೀವು ಇಟ್ಟದ್ದಾ ಚಾಚಾ?"

"ಇನ್ಯಾರು ಇಡ್ತಾರೆ? ಎರಕದ ದಿನ ಗಡಿಬಿಡಿಯಲ್ಲಿ ಮರ್ತೇ ಹೋಗಿತ್ತು. ಶುಕ್ರವಾರ ರಾತ್ರಿ ಮಲಗಿದಾಗ ನೆನಪಾಯ್ತು. ಮೊದಲನೇ ಮಾಲು, ಚೀಟಿ ಇಲ್ದೆ ನೀರಿಗೆ ಹೇಗೆ ಇಳಿಸೋದು? ಎದ್ದು ಬಂದೆ. ಫೈಬರ್‌ನಲ್ಲಿ ಬೇಡ ಅಂತ ನೀನು ಹೇಳಿದ್ದೆ. ಫೈಬರ್‌ನಲ್ಲಿ ಇಡಲಿಲ್ಲ. ಅಂಟಲ್ಲಿ ಇಟ್ಟೆ."

"ನನ್ನ ಹೆಸರು ಯಾಕೆ?"

"ಮಾಡಿದವರ ಹೆಸರು ಬರೀಬೇಕು. ನಾನು ಮ್ಯಾಟು ಹಾಸಿದೆ, ರೆಸಿನ್ ಬಳಿದೆ. ಮಾಡಿದ್ದು ನೀನು." ಅವರು ಬಿಲ್ಲೆಯನ್ನು ತಿರುಗಿಸಿ ನೋಡಿದರು. "ಯಾಕೆ ಕಿತ್ತೆ? ಸೊಟ್ಟ ಕೂತಿತ್ತಾ? ಕತ್ತಲಲ್ಲಿ ವೈರು ಕಾಣ್ಲಿಲ್ಲ ನಂಗೆ."

ರೆಹಾನಾ ಮಾತುಗಳನ್ನು ಜೋಡಿಸಿಕೊಂಡಳು. ಏನು ಇಡಬಾರದು ಎಂದು ಅವರಿಗೆ ಹೇಳಿದ್ದಳು. ಯಾಕೆ ಇಡಬಾರದು ಎಂದು ಹೇಳಿರಲಿಲ್ಲ. ನಲವತ್ತು ವರ್ಷದ ಮೇಸ್ತ್ರಿಗೆ ಚೌಕ ಬರೆದು ತೋರಿಸಿದರೆ ಸಾಕು ಎಂದುಕೊಂಡಿದ್ದಳು. ಮುಟ್ಟಬೇಡಿ ಎಂದಾಗಲೂ ಅಷ್ಟೇ. ಪುಸ್ತಕ ಓದಿದ್ದು ಅವಳೊಬ್ಬಳೇ.

"ಸೊಟ್ಟ ಇತ್ತು ಚಾಚಾ. ನೇರ ಕೂರಿಸ್ತೀನಿ. ಚೀಟಿ ಹಿಂದಿನ ಸೀಟಿನ ಕೆಳಗೆ ಇಡೋಣ. ಅಲ್ಲಿ ಯಾರೂ ಕೀಳಲ್ಲ."

"ಹಂಗೇ ಮಾಡು."

ಅವರು ಇನ್ನೊಂದು ಸಲ ಬಿಲ್ಲೆ ನೋಡಿದರು. ಅವಳನ್ನು ನೋಡಿದರು. ಏನೋ ಕೇಳುವವರಂತೆ ನಿಂತು, ಕೇಳದೆ ಒಳಗೆ ಹೋದರು.

ಮಧ್ಯಾಹ್ನ ಎರಡಕ್ಕೆ ಹೊಸ ಅಂಟು ಕಲೆಸಿದಳು. ಬಿಲ್ಲೆಯನ್ನು ಒತ್ತಿ, ಎಡಕ್ಕೆ ಬಲಕ್ಕೆ ಆಡಿಸಿ, ಅಂಚಿನಲ್ಲಿ ಅಂಟು ಉಕ್ಕುವವರೆಗೆ ಗಾಳಿ ಹೊರಡಿಸಿದಳು. ಬಟ್ಟು ಇಟ್ಟಳು.

*

ಸೋಮವಾರ ನಾಲ್ಕೂ ಹತ್ತು. ಕೆರೆಯ ನಡುವೆ ಸೂಜಿ ಓಡಿತು. ಕಪ್ಪು ಪಟ್ಟಿ, ಬಿಳಿ, ಆಮೇಲೆ ಒಂಬತ್ತು ಅಡಿಯಲ್ಲಿ ತಳ. ನಡುವೆ ಒಂದೆರಡು ಕಡೆ ಕೊಕ್ಕೆಯಂಥ ಗುರುತು. ಮೀನು.

ವೆಂಕಟರಾಮಯ್ಯ ದಡಕ್ಕೆ ಇಳಿದರು. ಅಲ್ಲಿ ಖುದ್ದೂಸ್, ಲಾಲ್ ಸಾಬ್, ಒಂದು ಪಕ್ಕಕ್ಕೆ ಚನ್ನಪ್ಪ ನಿಂತಿದ್ದರು. ಚನ್ನಪ್ಪ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ, ಎಲ್ಲಿಗೋ ಹೊರಟವನ ಹಾಗೆ.

"ಹೇಳಿ. ಏನಾಗಿತ್ತು?"

ಉತ್ತರದ ವಾಕ್ಯವನ್ನು ರೆಹಾನಾ ರಾತ್ರಿಯೆಲ್ಲ ತಿದ್ದಿದ್ದಳು. ಅದರಲ್ಲಿ ಸುಳ್ಳು ಇರಬಾರದಿತ್ತು. "ಅಂಟಿನ ಕೆಳಗೆ ಗಾಳಿ ಉಳಿದಿತ್ತು ಸಾರ್. ಅಂಟಿಸಿದ್ದು ನಾನು."

"ಮತ್ತೆ ಯಾರೋ ಒಳಗೆ ಬಂದಿದ್ರು ಅಂದ್ರಲ್ಲ?"

"ಬೀಗ ಯಾರೂ ತೆಗೆದಿರಲಿಲ್ಲ. ಚನ್ನಪ್ಪ ಬಿಲ್ಲೆ ಮುಟ್ಟಿಲ್ಲ. ಅದು ನನಗೆ ಖಚಿತ."

"ಬಿ.ಎಸ್ಸಿ. ಅಂದಿದ್ರಿ." ವೆಂಕಟರಾಮಯ್ಯ ಕಾಗದದ ಸುರುಳಿ ಸುತ್ತಿಕೊಂಡರು. "ಒಬ್ಬ ಬಡವನನ್ನ ಒಳಗೆ ಹಾಕಿಸ್ತಿದ್ರಿ. ಆರು ದೋಣಿಗೆ ಆರ್ಡರ್ ಬರುತ್ತೆ. ಅಂಟಿನ ಕೆಲಸಕ್ಕೆ ಗೊತ್ತಿರೋರನ್ನ ಹಾಕಿ."

ಖುದ್ದೂಸ್ ಸೊಸೆಯ ಮುಖ ನೋಡಲಿಲ್ಲ. "ಇನ್ಮೇಲೆ ಅಂಟು ಲಾಲ್ ಸಾಬ್ ನೋಡ್ಕೊಳ್ಲಿ. ನೀನು ಕಾಗದ ಪತ್ರ ನೋಡ್ಕೋ." ಬೀಗದ ಕೈಯನ್ನು ಚನ್ನಪ್ಪನಿಗೆ ವಾಪಸು ಕೊಟ್ಟರು. ಅವನು ರೆಹಾನಾ ಕಡೆ ಒಮ್ಮೆ ನೋಡಿ, ಕೈ ಮುಗಿಯಲು ಹೋಗಿ, ಅರ್ಧಕ್ಕೆ ನಿಲ್ಲಿಸಿದ. ಕೆಮ್ಮಣ್ಣಿನ ವಿಷಯ ಅವಳು ಎತ್ತಲಿಲ್ಲ.

ಹೊಸ ಅಚ್ಚು ಇನ್ನು ಸದ್ಯಕ್ಕಿಲ್ಲ. ಮುಂದಿನ ಆರೂ ಇದೇ ಅಚ್ಚಿನಿಂದ. ಚೀಟಿ ಮೊದಲ ಮಾಲಿಗೆ ಮಾತ್ರ; ಲಾಲ್ ಸಾಬ್ ಅಂಟಿಸಿದರೂ ಬಿಲ್ಲೆಯಡಿ ಇನ್ನು ಚೀಟಿಯ ಗಾಳಿ ಸೇರುವುದಿಲ್ಲ. ಅದನ್ನೂ ಅವಳು ಯೋಚಿಸಿ ಇಟ್ಟುಕೊಂಡಿದ್ದಳು.

ಸಂಜೆ ಶೆಡ್ಡಿನಲ್ಲಿ ಒಂದಿಷ್ಟು ರೆಸಿನ್ ಕಲೆಸಿ, ಹಿಂದಿನ ಸೀಟಿನ ಕೆಳಗೆ ಬಳಿದು, ಅದರಲ್ಲಿ ಚೀಟಿ ಇಟ್ಟಳು. ಬ್ಲೇಡಿನಿಂದ ಬಿಡಿಸಿದ ಅಂಚನ್ನು ಮೇಣದಬತ್ತಿಯಲ್ಲಿ ಮತ್ತೆ ಮುಚ್ಚಿದ್ದಳು. ಮೇಲೊಂದು ತುಂಡು ಮ್ಯಾಟು ಹಾಸಿದಳು. ಹೆಸರು ಕಾಣದಾಯಿತು.

"ಬೇಟಿ."

ಲಾಲ್ ಸಾಬ್ ಹಿಂದೆ ನಿಂತಿದ್ದರು. ಕೈಯಲ್ಲಿ ನಾಲ್ಕಾಣೆ ಬಿಲ್ಲೆ. ಕೆಳತಳದಲ್ಲಿ, ನೀರಿಗಿಳಿದರೂ ಹೋಗದ ಬಳಪದ ಚುಕ್ಕೆಗಳನ್ನು ಅವಳು ಒರೆಸಲು ಮರೆತಿದ್ದಳು.

"ಆ ಗಾಳಿ. ಚೀಟಿಯದಾ?"

ಅವರ ಮುಖ ಸಣ್ಣದಾಗಿತ್ತು. ಮೂರು ದಿನದಲ್ಲಿ ಅವಳು ಮಾತು ಮಾತನ್ನೂ ತೂಗಿ ಆಡಿದ್ದಳು. ಒಂದೂ ಸುಳ್ಳಾಗದಂತೆ ನೋಡಿಕೊಂಡಿದ್ದಳು. ಈಗ ತೂಗಲಿಲ್ಲ.

"ಇಲ್ಲ ಚಾಚಾ. ನನ್ನ ಕೈಯದು. ನೀವು ಹಾಕಿದ ಫೈಬರ್‌ನಲ್ಲಿ ಎಲ್ಲೂ ಗುಳ್ಳೆ ಇರಲಿಲ್ಲ."

ಲಾಲ್ ಸಾಬ್ ಬಗ್ಗಿ ದೋಣಿಯ ತಳವನ್ನು ಒಮ್ಮೆ ಬಡಿದರು. ಟಣ್. ಇನ್ನೊಂದು ಸಲ. ಟಣ್. ತಲೆ ಆಡಿಸಿ ಚಹಾ ಕಾಸಲು ಒಳಗೆ ಹೋದರು.

ರೆಹಾನಾ ಸೀಮೆಎಣ್ಣೆಯ ಬಟ್ಟೆ ತಂದು ಚುಕ್ಕೆಗಳನ್ನು ಒರೆಸಿದಳು. ಮಾಮುಗೆ ಹೇಳುವುದಿಲ್ಲ. ಮಾಮಿಗೂ ಇಲ್ಲ. ಮುಂದೆ ಯಾರಾದರೂ ಅಂಟಿನ ವಿಷಯ ತೆಗೆದು ನಕ್ಕರೆ, ಆಗಲೂ ಇಲ್ಲ. ಬೀಗ ಹಾಕಿದಳು. ಒಂದೇ ಸಲ ಜಗ್ಗಿ ನೋಡಿ ಮನೆಗೆ ನಡೆದಳು.